ಕನ್ನಡ ಹೆಸರಿಗೆ ಬೇಕಾದ ಎಡೆ: ಎಕ್ಸೆಲ್ ಯಾದಿಯಲ್ಲಿ ಸಾಲುಗಳ ಅಳತೆ

ಜತ್ತ ತಾಲ್ಲೂಕಿನ ಕನ್ನಡ ಮಾಧ್ಯಮ ಶಾಲೆಗಳಲ್ಲಿ ವಿದ್ಯಾರ್ಥಿಗಳ ಯಾದಿಯನ್ನು ಶಾಲೆಯ ಬಳಕೆಗೆ ಕನ್ನಡದಲ್ಲಿಯೂ ಕಚೇರಿಯ ಬಳಕೆಗೆ ಮರಾಠಿಯಲ್ಲಿಯೂ ಸಿದ್ಧಪಡಿಸಬೇಕಾಗುತ್ತದೆ. ಎರಡನ್ನೂ ಒಂದೇ ಎಕ್ಸೆಲ್ ಹಾಳೆಯಲ್ಲಿ ಅಕ್ಕಪಕ್ಕದಲ್ಲಿ ಇರಿಸಿದಾಗ ಲಿಪಿಗಳ ಸ್ವಭಾವಭೇದ ಎದ್ದು ಕಾಣುತ್ತದೆ. ದೇವನಾಗರಿಯ ಸಂಯುಕ್ತಾಕ್ಷರಗಳು ಬಹುಮಟ್ಟಿಗೆ ಪಕ್ಕಕ್ಕೆ ಬೆಳೆಯುತ್ತವೆ. ಕನ್ನಡದ ಒತ್ತಕ್ಷರಗಳು ಕೆಳಕ್ಕೆ ಇಳಿಯುತ್ತವೆ. ಅಡ್ಡಸಾಲು ಇಕ್ಕಟ್ಟಾದರೆ ಮೊದಲು ಮರೆಯಾಗುವುದು ಆ ಒತ್ತುಗಳೇ. ಆಗ ‘ಕಲ್ಲಪ್ಪ’ ಎಂಬುದು ‘ಕಲಪ’ ಎಂದೂ ‘ಮಲ್ಲಮ್ಮ’ ಎಂಬುದು ‘ಮಲಮ’ ಎಂದೂ ಕಾಣುತ್ತದೆ. ಮುದ್ರಿತ ಪ್ರತಿಯನ್ನು ನೋಡಿ ಬರೆದುಕೊಳ್ಳುವವರು ಕಂಡದ್ದನ್ನೇ ಬರೆಯುತ್ತಾರೆ. ಆ ರೂಪ ಶಾಲೆ ಬಿಟ್ಟ ಪ್ರಮಾಣಪತ್ರವನ್ನು ಸೇರಿದ ಮೇಲೆ ತಿದ್ದಿಸಲು ಪಾಲಕರು ಅಲೆದಾಡಬೇಕಾಗುತ್ತದೆ.

ಎಕ್ಸೆಲ್ ಅಡ್ಡಸಾಲಿನ ಎತ್ತರವನ್ನು ಪಾಯಿಂಟುಗಳಲ್ಲಿ ಅಳೆಯುತ್ತದೆ. 72 ಪಾಯಿಂಟುಗಳು ಒಂದು ಅಂಗುಲ. ಹೊಸ ಹಾಳೆಯಲ್ಲಿ ಎತ್ತರವು ಸಾಮಾನ್ಯವಾಗಿ 15 ಪಾಯಿಂಟಿನಷ್ಟಿದ್ದು, ಅಕ್ಷರ ದೊಡ್ಡದಾದಂತೆ ತಾನಾಗಿಯೇ ಹೆಚ್ಚುತ್ತದೆ. ಆದರೆ ಒಮ್ಮೆ ಕೈಯಿಂದ ಎಳೆದು ಅಥವಾ ಅಂಕಿ ನಮೂದಿಸಿ ಎತ್ತರವನ್ನು ಗೊತ್ತುಮಾಡಿದರೆ ಆ ಸಾಲು ಮುಂದೆ ಅಕ್ಷರವನ್ನು ಅನುಸರಿಸುವುದಿಲ್ಲ. ಹಾಳೆ ಅಚ್ಚುಕಟ್ಟಾಗಿ ಕಾಣಲೆಂದು ಎಲ್ಲ ಸಾಲುಗಳನ್ನೂ ಸಮಗೊಳಿಸುವ ರೂಢಿಯಿಂದಲೇ ಒತ್ತುಗಳು ಕತ್ತರಿಸಿಹೋಗುವುದು ಹೆಚ್ಚು. ಪರಿಹಾರ ಸುಲಭ: ಎಡಗಡೆಯ ಸಾಲುಸಂಖ್ಯೆಯ ಕೆಳಗೆರೆಯ ಮೇಲೆ ಮೌಸ್ ಇರಿಸಿ, ಇಬ್ಬದಿಯ ಬಾಣ ಮೂಡಿದಾಗ ಎರಡು ಬಾರಿ ಕ್ಲಿಕ್ ಮಾಡಬೇಕು. ಎಡಮೇಲ್ಮೂಲೆಯ ತ್ರಿಕೋನವನ್ನು ಮೊದಲು ಒತ್ತಿ ಇಡೀ ಹಾಳೆಯನ್ನು ಆರಿಸಿಕೊಂಡರೆ ಎಲ್ಲ ಸಾಲುಗಳೂ ಒಮ್ಮೆಗೇ ಸರಿಹೊಂದುತ್ತವೆ. ಹಲವು ಕೋಶಗಳನ್ನು ಕೂಡಿಸಿ ಬರೆದ ಶಾಲೆಯ ಹೆಸರಿನ ಸಾಲಿಗೆ ಮಾತ್ರ ಈ ಉಪಾಯ ಸಲ್ಲದು. ಅದನ್ನು ಕೈಯಿಂದಲೇ ಎತ್ತರಿಸಬೇಕು.

ಕಂಬಸಾಲಿನ ಅಗಲದ ಲೆಕ್ಕ ಬೇರೆ. ಹಾಳೆಯ ಮೂಲ ಅಕ್ಷರಶೈಲಿಯ ಎಷ್ಟು ಸೊನ್ನೆಗಳು ಅಲ್ಲಿ ಹಿಡಿಸುತ್ತವೆ ಎಂಬುದೇ ಅದರ ಮಾನ. ಆದ್ದರಿಂದ ಕನ್ನಡದ ಅಕ್ಷರಗಳನ್ನು ಎಣಿಸಿ ಅಗಲ ನಿರ್ಧರಿಸುವುದು ವ್ಯರ್ಥ. ಮೇಲಿನ ಶೀರ್ಷಿಕೆಯ ಬಲಗೆರೆಯ ಮೇಲೆ ಎರಡು ಬಾರಿ ಕ್ಲಿಕ್ ಮಾಡುವುದೇ ಲೇಸು. ಮಗುವಿನ ಹೆಸರು, ತಂದೆಯ ಹೆಸರು, ಅಡ್ಡಹೆಸರು ಸೇರಿ ಕಂಬಸಾಲು ಅತಿಯಾಗಿ ಹಿಗ್ಗಿದರೆ ‘ರ‍್ಯಾಪ್ ಟೆಕ್ಸ್ಟ್’ ಬಳಸಿ ಹೆಸರನ್ನು ಎರಡು ಪಂಕ್ತಿಗಳಾಗಿಸಿ, ಬಳಿಕ ಎತ್ತರವನ್ನು ಮತ್ತೆ ಹೊಂದಿಸಬಹುದು.

ಪಕ್ಕದ ಕೋಶ ಖಾಲಿಯಿದ್ದರೆ ಉದ್ದವಾದ ಹೆಸರು ಅಲ್ಲಿಗೂ ಚಾಚಿಕೊಂಡು ಪೂರ್ಣವಾಗಿ ಕಾಣುತ್ತದೆ. ಅಲ್ಲಿ ಏನಾದರೂ ತುಂಬಿದೊಡನೆ ತುಂಡಾಗಿ ಕಾಣುತ್ತದೆ. ಸಂಖ್ಯೆಯನ್ನು ಮಾತ್ರ ಎಕ್ಸೆಲ್ ಹೀಗೆ ತುಂಡರಿಸಿ ತೋರಿಸುವುದಿಲ್ಲ, ಏಕೆಂದರೆ ಅರ್ಧ ಕಂಡ ಸಂಖ್ಯೆ ಬೇರೆಯೇ ಸಂಖ್ಯೆಯಾಗುತ್ತದೆ. ಜನ್ಮದಿನಾಂಕದ ಬದಲು #### ಕಂಡರೆ ಗಾಬರಿಪಡಬೇಕಿಲ್ಲ. ಅಗಲ ಹೆಚ್ಚಿಸಿದರೆ ದಿನಾಂಕ ಕಾಣುತ್ತದೆ.

ಅಗಲದಿಂದ ಬಗೆಹರಿಯದ ತೊಡಕೂ ಒಂದಿದೆ, ಮತ್ತು ಇದೇ ಹೆಚ್ಚು ಅಪಾಯಕಾರಿ. 12 ಅಂಕಿಗಳ ಆಧಾರ್ ಸಂಖ್ಯೆಯನ್ನು ಸಾಮಾನ್ಯ ಕೋಶದಲ್ಲಿ ಬರೆದರೆ ಅದು ಘಾತರೂಪದಲ್ಲಿ ಕಾಣುತ್ತದೆ. ಕಂಬಸಾಲನ್ನು ಎಷ್ಟು ಹಿಗ್ಗಿಸಿದರೂ ಬದಲಾಗದು. ಆದರೂ ಅಂಕಿಗಳು ಒಳಗೆ ಸುರಕ್ಷಿತವಾಗಿರುತ್ತವೆ. ಮಹಾರಾಷ್ಟ್ರದ ‘ಸರಲ್’ ವ್ಯವಸ್ಥೆಯ 19 ಅಂಕಿಗಳ ವಿದ್ಯಾರ್ಥಿ ಸಂಖ್ಯೆಯ ಗತಿ ಹಾಗಲ್ಲ. ಎಕ್ಸೆಲ್ ಮೊದಲ 15 ಅಂಕಿಗಳನ್ನಷ್ಟೇ ಉಳಿಸಿಕೊಂಡು ಕೊನೆಯ ನಾಲ್ಕನ್ನು ಸೊನ್ನೆಯಾಗಿಸುತ್ತದೆ. ಕಡತವನ್ನು ಉಳಿಸಿದ ಬಳಿಕ ಅವು ಮರಳಿ ದೊರೆಯಲಾರವು. ಆದ್ದರಿಂದ ಬರೆಯುವುದಕ್ಕೆ ಮೊದಲೇ ಆ ಕಂಬಸಾಲನ್ನು ‘ಟೆಕ್ಸ್ಟ್’ ಎಂದು ಗೊತ್ತುಮಾಡಿರಬೇಕು. ಬರೆದ ಮೇಲೆ ಬದಲಿಸಿದರೆ ಫಲವಿಲ್ಲ.

ಯಾದಿಯನ್ನು ಕಚೇರಿಗೆ ಕಳುಹಿಸುವ ಮುನ್ನ ಒಂದು ಪುಟವನ್ನು ಮುದ್ರಿಸಿ ನೋಡುವುದು ಅಗತ್ಯ. ಪರದೆಯ ಮೇಲೆ ಸರಿಯಾಗಿದ್ದ ಒತ್ತು ಕಾಗದದಲ್ಲಿ ಕತ್ತರಿಸಿರುವುದುಂಟು. ಹಾಗಾದಲ್ಲಿ ಹೆಸರಿನ ಸಾಲುಗಳಿಗೆ ಎರಡು ಮೂರು ಪಾಯಿಂಟು ಹೆಚ್ಚುವರಿ ಎತ್ತರ ಕೊಟ್ಟು, ‘ಕ್ಷ್ಮೀ’ಯಂತಹ ಎರಡು ಒತ್ತುಗಳಿರುವ ಹೆಸರುಗಳನ್ನೇ ಆರಿಸಿ ಮತ್ತೊಮ್ಮೆ ಪರೀಕ್ಷಿಸಬೇಕು.