ಮೆಣಸಿನಕಾಯಿ ಹೊಲದಲ್ಲಿ ಮಕ್ಕಳು, ಅಂಗಡಿಯಲ್ಲಿ ಹುಡುಗರು: 1098ಕ್ಕೆ ಫೋನ್ ಮಾಡಿದ್ರೆ ಮುಂದೇನಾಗುತ್ತೆ?

ಬಳ್ಳಾರಿ: ಮೆಣಸಿನಕಾಯಿ ಸೀಸನ್ ಬಂತೆಂದರೆ ಕುರುಗೋಡು, ಸಿರುಗುಪ್ಪ ತಾಲೂಕುಗಳ ರಸ್ತೆಯಲ್ಲಿ ಬೆಳಿಗ್ಗೆ ಕಾಣೋ ದೃಶ್ಯ ಎಲ್ಲರಿಗೂ ಗೊತ್ತಿರೋದೇ. ಗೂಡ್ಸ್ ಆಟೋ, ಟ್ರ್ಯಾಕ್ಟರ್ ತುಂಬ ಕೂಲಿ ಹೆಣ್ಣುಮಕ್ಕಳು. ಅವರ ನಡುವೆ ಶಾಲೆಯಲ್ಲಿ ಇರಬೇಕಾದ ಹುಡುಗ ಹುಡುಗಿಯರು. ಕೆಲವರು ಕಾಯಿ ಬಿಡಿಸೋಕೆ, ಕೆಲವರು ಬದುವಿನ ಮೇಲೆ ಕೂತು ತಮ್ಮನನ್ನೋ ತಂಗಿಯನ್ನೋ ನೋಡಿಕೊಳ್ಳೋಕೆ. ಜನವರಿಯಿಂದ ಮಾರ್ಚ್‌ವರೆಗೆ ಶಾಲೆಯ ಹಾಜರಿ ಪುಸ್ತಕ ತೆರೆದರೆ ಅಲ್ಲೂ ಇದೇ ಕಥೆ.

ನೋಡೋರು ಬಹಳ ಮಂದಿ, ಫೋನ್ ಮಾಡೋರು ಕಡಿಮೆ. ‘ಪೊಲೀಸರು ಬಂದು ಮಗುನ ಜೈಲಿಗೆ ಹಾಕ್ತಾರೆ’ ಅನ್ನೋ ಭಯ ಒಂದು. ‘ಪಾಪ, ಬಡವರು, ತಾಯಿ ತಂದೆ ಮೇಲೆ ಕೇಸ್ ಆಗುತ್ತೆ’ ಅನ್ನೋ ಮರುಕ ಇನ್ನೊಂದು. ಈ ಎರಡೂ ಕಾನೂನು ಗೊತ್ತಿಲ್ಲದೆ ಹುಟ್ಟಿದ ಮಾತು.

ಕಾನೂನು ಮಗುವನ್ನ ಹೇಗೆ ನೋಡುತ್ತೆ?

ಈಗ ಜಾರಿಯಲ್ಲಿರೋದು 2015ರ ಬಾಲ ನ್ಯಾಯ ಕಾಯ್ದೆ. 2016ರ ಜನವರಿ 15ರಿಂದ ಜಾರಿಗೆ ಬಂತು, 2021ರಲ್ಲಿ ತಿದ್ದುಪಡಿಯಾಯ್ತು. ಇದರ ಪ್ರಕಾರ 18 ತುಂಬದವರೆಲ್ಲ ಮಕ್ಕಳೇ. ಕಾಯ್ದೆ ಮಕ್ಕಳನ್ನ ಎರಡು ದಾರಿಯಲ್ಲಿ ನೋಡುತ್ತೆ. ಕಾರ್ಮಿಕ ಕಾನೂನು ಮೀರಿ ದುಡಿಸಲ್ಪಡುವ, ಭಿಕ್ಷೆ ಬೇಡುವ, ಮದುವೆ ಮಾಡಿಬಿಡುವ ಅಪಾಯದಲ್ಲಿರುವ, ಯಾರೂ ದಿಕ್ಕಿಲ್ಲದ ಮಗು ಅಂದ್ರೆ ‘ಪೋಷಣೆ ಮತ್ತು ರಕ್ಷಣೆ ಅಗತ್ಯವಿರುವ ಮಗು’. ಅದು ಹೋಗೋದು ಮಕ್ಕಳ ಕಲ್ಯಾಣ ಸಮಿತಿಗೆ. ಕಳ್ಳತನ, ಹೊಡೆದಾಟದಂಥ ಆರೋಪ ಇರೋ ಮಗು ಹೋಗೋದು ಬಾಲ ನ್ಯಾಯ ಮಂಡಳಿಗೆ. ಇವೆರಡನ್ನೂ ಜನ ಒಂದೇ ಅಂದುಕೊಂಡಿರೋದೇ ಅರ್ಧ ಗೊಂದಲಕ್ಕೆ ಕಾರಣ.

ಹೊಲದಲ್ಲಿ ಸಿಕ್ಕ ಮಗು ತಪ್ಪು ಮಾಡಿಲ್ಲ. ಅದನ್ನ ಠಾಣೆಯಲ್ಲಿ ಕೂರಿಸುವಂತಿಲ್ಲ. ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಸಮಿತಿಯ ಮುಂದೆ ಹಾಜರುಪಡಿಸಬೇಕು. ಸಮಿತಿಯಲ್ಲಿ ಒಬ್ಬ ಅಧ್ಯಕ್ಷರು, ನಾಲ್ವರು ಸದಸ್ಯರು. ಅವರಲ್ಲಿ ಒಬ್ಬರಾದ್ರೂ ಮಹಿಳೆ ಇರಲೇಬೇಕು. ತಿಂಗಳಿಗೆ ಕನಿಷ್ಠ 20 ದಿನ ಸೇರಬೇಕು. ಸಮಿತಿ ಸೇರದ ದಿನ ಒಬ್ಬ ಸದಸ್ಯರ ಮುಂದೆ ಹಾಜರುಪಡಿಸಿದರೂ ನಡೆಯುತ್ತೆ. ಮನೆ ಸರಿಯಿದ್ದರೆ ಮಗು ತಾಯಿ ತಂದೆ ಜೊತೆಗೇ ವಾಪಸ್. ಬಾಲಮಂದಿರಕ್ಕೆ ಕಳಿಸೋದು ಬೇರೆ ದಾರಿ ಇಲ್ಲದಾಗ ಮಾತ್ರ.

1098

ಮಕ್ಕಳ ಸಹಾಯವಾಣಿ 1098, ದಿನದ 24 ಗಂಟೆಯೂ ಉಚಿತ. ಮೊದಲು ಸ್ವಯಂಸೇವಾ ಸಂಸ್ಥೆಗಳ ಕೈಯಲ್ಲಿತ್ತು. 2023ರಿಂದ ಸರ್ಕಾರದ ಮಹಿಳಾ ಮತ್ತು ಮಕ್ಕಳ ಇಲಾಖೆಯೇ ನಡೆಸುತ್ತಿದೆ, ತುರ್ತು ಸಂಖ್ಯೆ 112ಕ್ಕೂ ಜೋಡಿಸಲಾಗಿದೆ. ಕರೆ ಜಿಲ್ಲಾ ಮಟ್ಟದ ಸಿಬ್ಬಂದಿಗೆ ಹೋಗುತ್ತೆ, ಅವರು ಬಂದು ನೋಡ್ತಾರೆ. ಯಾವ ಊರು, ಯಾವ ಕಡೆ ಹೊಲ, ವಾಹನ ಎಷ್ಟು ಗಂಟೆಗೆ ಹೊರಡುತ್ತೆ, ಸುಮಾರು ಎಷ್ಟು ಮಕ್ಕಳು ಅನ್ನೋದನ್ನ ಹೇಳಿದರೆ ಸಾಕು. ‘ನಮ್ಮೂರಲ್ಲಿ ಮಕ್ಕಳು ದುಡೀತಿದ್ದಾರೆ’ ಅಂತ ಸುಮ್ಮನೆ ಒಂದು ಮಾತು ಹೇಳಿ ಇಟ್ಟುಬಿಟ್ಟರೆ ಯಾರಿಗೂ ಉಪಯೋಗವಿಲ್ಲ.

ಇನ್ನು ತಾಯಿ ತಂದೆ ಮೇಲೆ ಕೇಸ್ ಅನ್ನೋ ಮಾತು. ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿ ಬಂತು. 14 ವರ್ಷದೊಳಗಿನವರನ್ನ ಯಾವ ಕೆಲಸಕ್ಕೂ ಇಟ್ಟುಕೊಳ್ಳುವಂತಿಲ್ಲ. ಇಟ್ಟುಕೊಂಡ ಮಾಲೀಕರಿಗೆ 6 ತಿಂಗಳಿಂದ 2 ವರ್ಷ ಜೈಲು, ಅಥವಾ 20 ಸಾವಿರದಿಂದ 50 ಸಾವಿರ ರೂಪಾಯಿ ದಂಡ, ಅಥವಾ ಎರಡೂ. ತಾಯಿ ತಂದೆಗೆ ಮೊದಲ ಸಲ ಶಿಕ್ಷೆಯೇ ಇಲ್ಲ. ಮತ್ತೆ ಅದೇ ಮಾಡಿದರೆ 10 ಸಾವಿರದವರೆಗೆ ದಂಡ. ಅಂದ್ರೆ ಕಾನೂನು ಹಿಡಿಯೋಕೆ ಹೊರಟಿರೋದು ಕೆಲಸಕ್ಕಿಟ್ಟವರನ್ನ.

‘ಹೊಲದ ಕೆಲಸಕ್ಕೆ ವಿನಾಯಿತಿ ಇದೆಯಲ್ಲ’ ಅಂತ ಕೆಲವರು ವಾದ ಮಾಡ್ತಾರೆ. ವಿನಾಯಿತಿ ಇರೋದು ಸ್ವಂತ ಕುಟುಂಬದ ಕೆಲಸಕ್ಕೆ, ಅದೂ ಶಾಲೆ ಬಿಟ್ಟ ಮೇಲೆ ಅಥವಾ ರಜೆಯಲ್ಲಿ. ಮೇಸ್ತ್ರಿ ಕರೆದುಕೊಂಡು ಹೋಗಿ ಬೇರೆಯವರ ಹೊಲದಲ್ಲಿ ಕೂಲಿಗೆ ಬಿಟ್ಟದ್ದು ಕುಟುಂಬದ ಕೆಲಸ ಆಗಲ್ಲ, ಪಕ್ಕದಲ್ಲೇ ತಾಯಿ ಕಾಯಿ ಬಿಡಿಸ್ತಿದ್ದರೂ ಸರಿ.

ಅಂಗಡಿಯವರಿಗೆ ಸಂಬಂಧಿಸಿದ ಮಾತು

‘ನಮ್ಮ ಅಕ್ಕನ ಮಗ, ಅಂಗಡೀಲಿ ಕೂತಿರ್ತಾನೆ’ ಅನ್ನೋದು ಬಜಾರಿನಲ್ಲಿ ದಿನಾ ಕೇಳೋ ಮಾತು. ಕಾಯ್ದೆಯ ‘ಕುಟುಂಬ’ದಲ್ಲಿ ತಾಯಿ ತಂದೆ, ಅಣ್ಣ ತಮ್ಮ, ಅಕ್ಕ ತಂಗಿ ಜೊತೆ ಅವರ ಒಡಹುಟ್ಟಿದವರೂ, ಅಂದ್ರೆ ಸೋದರಮಾವ, ಚಿಕ್ಕಪ್ಪ, ಅತ್ತೆ, ಚಿಕ್ಕಮ್ಮ ಎಲ್ಲ ಬರ್ತಾರೆ. ಹಾಗಾಗಿ ನಿಜವಾದ ಅಳಿಯ ಸಂಜೆ ಒಂದು ಗಂಟೆ ಗಲ್ಲಾಪೆಟ್ಟಿಗೆ ಹತ್ತಿರ ಕೂತರೆ ತಪ್ಪಿಲ್ಲ. ಬೆಳಿಗ್ಗೆ ಹತ್ತಕ್ಕೆ ಕೂತರೆ ತಪ್ಪು. ದೂರದ ಊರಿಂದ ಬಂದ ಹುಡುಗನಿಗೆ ‘ಅಳಿಯ’ ಅಂತ ಹೆಸರಿಟ್ಟರೆ ಅದು ನಿಲ್ಲಲ್ಲ. 14ರಿಂದ 18ರವರನ್ನ ಗಣಿ, ಸುಲಭವಾಗಿ ಹೊತ್ತಿಕೊಳ್ಳುವ ವಸ್ತು, ಸ್ಫೋಟಕ ಮತ್ತು ಪಟ್ಟಿಯಲ್ಲಿರೋ ಅಪಾಯಕಾರಿ ಕೆಲಸಗಳಿಗೆ ಹಾಕುವಂತಿಲ್ಲ. ಗಣಿ ಜಿಲ್ಲೆಯಲ್ಲಿ ಇದನ್ನ ಬಿಡಿಸಿ ಹೇಳಬೇಕಿಲ್ಲ.

ಮುಂಗಡ ಹಣ ಕೊಟ್ಟು ಹುಡುಗನನ್ನ ಹಿಡಿದಿಟ್ಟುಕೊಂಡರೆ, ಅವನ ಕೂಲಿ ತಡೆದಿಟ್ಟರೆ ಅದು ಇನ್ನೂ ದೊಡ್ಡ ಅಪರಾಧ. ಬಾಲ ನ್ಯಾಯ ಕಾಯ್ದೆಯ 79ನೇ ಸೆಕ್ಷನ್ ಪ್ರಕಾರ 5 ವರ್ಷದವರೆಗೆ ಕಠಿಣ ಜೈಲು, 1 ಲಕ್ಷ ದಂಡ. ಇದು 17 ವರ್ಷದ ಹುಡುಗನಿಗೂ ಅನ್ವಯ. ಮಕ್ಕಳ ಕೈಗೆ ಗುಟ್ಕಾ, ಬೀಡಿ, ಮದ್ಯ ಕೊಟ್ಟರೆ 77ನೇ ಸೆಕ್ಷನ್: 7 ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ. ‘ಅಪ್ಪನಿಗೆ ಬೇಕಂತೆ ಅಂದ, ಕೊಟ್ಟೆ’ ಅನ್ನೋ ಉತ್ತರ ನೆಚ್ಚಿಕೊಳ್ಳಬೇಡಿ.

ಕಳ್ಳತನ ಮಾಡಿ ಸಿಕ್ಕಿಬಿದ್ದರೆ?

ಬಳ್ಳಾರಿಯಂಥ ಊರಲ್ಲಿ ನಡೆಯೋದು ಹೀಗೆ: ಹುಡುಗ ಮೊಬೈಲೋ ಗಲ್ಲಾದ ದುಡ್ಡೋ ಎತ್ತಿಕೊಂಡು ಸಿಕ್ಕಿಬೀಳ್ತಾನೆ, ನಾಲ್ಕು ಜನ ಸೇರ್ತಾರೆ, ಒಬ್ಬ ಹೊಡೀತಾನೆ, ಇನ್ನೊಬ್ಬ ವಿಡಿಯೋ ಮಾಡ್ತಾನೆ. ಸಂಜೆಯೊಳಗೆ ಎಲ್ಲ ಗ್ರೂಪಿನಲ್ಲೂ ಆ ಹುಡುಗನ ಮುಖ. ಕಳೆದ ಐನೂರು ರೂಪಾಯಿ ವಾಪಸ್ ಬರಬಹುದು, ಆ ಹುಡುಗ ಮಾತ್ರ ಮತ್ತೆ ಶಾಲೆ ಮೆಟ್ಟಿಲು ಹತ್ತೋದು ಕಷ್ಟ.

ಹೊಡೆಯೋದು ಅಪರಾಧ ಅನ್ನೋದು ಗೊತ್ತಿರೋದೇ. ಜೊತೆಗೆ 74ನೇ ಸೆಕ್ಷನ್ ಪ್ರಕಾರ ತನಿಖೆ, ವಿಚಾರಣೆಯಲ್ಲಿರೋ ಮಗುವಿನ ಹೆಸರು, ವಿಳಾಸ, ಶಾಲೆ, ಫೋಟೋ, ಗುರುತು ಸಿಗೋ ಯಾವುದನ್ನೂ ಬಹಿರಂಗ ಮಾಡುವಂತಿಲ್ಲ. ಪತ್ರಿಕೆ, ಟಿವಿ ಅಷ್ಟೇ ಅಲ್ಲ, ಬೇರೆ ಯಾವುದೇ ಸಂವಹನ ಮಾಧ್ಯಮದಲ್ಲೂ. ಮೀರಿದರೆ 6 ತಿಂಗಳವರೆಗೆ ಜೈಲು, ಅಥವಾ 2 ಲಕ್ಷದವರೆಗೆ ದಂಡ, ಅಥವಾ ಎರಡೂ. ನ್ಯೂಸ್ ವೆಬ್‌ಸೈಟುಗಳೂ ಇದರಿಂದ ಹೊರತಲ್ಲ.

ಪ್ರತಿ ಠಾಣೆಯಲ್ಲೂ ಎಎಸ್‌ಐ ದರ್ಜೆಗೆ ಕಡಿಮೆಯಿಲ್ಲದ ಒಬ್ಬ ‘ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ’ ಇರಬೇಕು. ಹುಡುಗನನ್ನ ಅವರಿಗೇ ಒಪ್ಪಿಸಬೇಕು. ಲಾಕಪ್ಪಿಗೆ ಹಾಕುವಂತಿಲ್ಲ, ಬೇಡಿ ಹಾಕುವಂತಿಲ್ಲ. 24 ಗಂಟೆಯೊಳಗೆ ಬಾಲ ನ್ಯಾಯ ಮಂಡಳಿಯ ಮುಂದೆ ಹಾಜರುಪಡಿಸಬೇಕು. 2016ರ ಮಾದರಿ ನಿಯಮಗಳ ಪ್ರಕಾರ, ಘೋರ ಅಪರಾಧ ಅಥವಾ ದೊಡ್ಡವರ ಜೊತೆ ಸೇರಿ ಮಾಡಿದ್ದು ಬಿಟ್ಟರೆ ಮಗುವಿನ ಮೇಲೆ ಎಫ್‌ಐಆರ್ ಹಾಕಲ್ಲ, ಠಾಣಾ ಡೈರಿಯಲ್ಲಿ ಬರೆದುಕೊಂಡು ಮನೆಯ ಪರಿಸ್ಥಿತಿ ಬಗ್ಗೆ ವರದಿ ಮಾಡ್ತಾರೆ. ಮಂಡಳಿಯಲ್ಲಿ ಒಬ್ಬ ಮ್ಯಾಜಿಸ್ಟ್ರೇಟ್, ಇಬ್ಬರು ಸಮಾಜ ಕಾರ್ಯಕರ್ತರು ಇರ್ತಾರೆ. ಬುದ್ಧಿ ಹೇಳಿ ಕಳಿಸೋದು, ಸಮುದಾಯ ಸೇವೆ, ನಿಗಾ, ಹೆಚ್ಚೆಂದರೆ ವಿಶೇಷ ಗೃಹದಲ್ಲಿ 3 ವರ್ಷ. 16 ದಾಟಿದವರು ಘೋರ ಅಪರಾಧ ಮಾಡಿದ ಆರೋಪವಿದ್ದರೆ ದಾರಿ ಬೇರೆ, ಮಂಡಳಿ ಪ್ರಾಥಮಿಕ ಪರಿಶೀಲನೆ ಮಾಡಿ ಮಕ್ಕಳ ನ್ಯಾಯಾಲಯಕ್ಕೆ ವರ್ಗಾಯಿಸಬಹುದು.

ದೂರದ ಸಮಸ್ಯೆ

ಕಾಗದದ ಮೇಲೆ ಇಷ್ಟೆಲ್ಲ ಚೆನ್ನಾಗಿದೆ. ಆದರೆ ಸಮಿತಿ, ಮಂಡಳಿ ಎಲ್ಲ ಇರೋದು ಜಿಲ್ಲೆಗೊಂದರಂತೆ, ಬಳ್ಳಾರಿ ನಗರದಲ್ಲಿ. ಸಿರುಗುಪ್ಪದ ಗಡಿ ಹಳ್ಳಿಯ ತಾಯಿ ಒಂದು ವಿಚಾರಣೆಗೆ ಬಂದು ಹೋದರೆ ಒಂದು ದಿನದ ಕೂಲಿ ಹೋಯ್ತು, ಬಸ್ಸಿನ ಖರ್ಚು ಬೇರೆ. ಎರಡು ಸಲ ಬಂದವಳು ಮೂರನೇ ಸಲ ಬರಲ್ಲ. ಸಮಿತಿಯ ಕೆಲಸವನ್ನ ಜಿಲ್ಲಾಧಿಕಾರಿ ಮೂರು ತಿಂಗಳಿಗೊಮ್ಮೆ ಪರಿಶೀಲಿಸಬೇಕು ಅಂತ ಕಾಯ್ದೆಯಲ್ಲೇ ಇದೆ. ಮೆಣಸಿನಕಾಯಿ ಸೀಸನ್ನಿನಲ್ಲಿ ಒಂದೆರಡು ಬೈಠಕ್ ಸಿರುಗುಪ್ಪ, ಕುರುಗೋಡಿನಲ್ಲೇ ನಡೆಸಬಹುದಾ ಅನ್ನೋ ಪ್ರಶ್ನೆಗೆ ಅದೇ ಸರಿಯಾದ ಜಾಗ.

ಹಿಡಿದು ವಾಪಸ್ ಕಳಿಸೋದರಿಂದಷ್ಟೇ ಮಗು ಶಾಲೆಗೆ ಬರಲ್ಲ. ದೊಡ್ಡ ಹುಡುಗಿ ಹೊಲಕ್ಕೆ ಹೋಗೋದು ಚಿಕ್ಕ ಮಗುವನ್ನ ನೋಡಿಕೊಳ್ಳೋಕೆ ಆದರೆ, ಪಂಚಾಯಿತಿಯ ‘ಕೂಸಿನ ಮನೆ’ ಸಂಜೆವರೆಗೆ ತೆರೆದಿದೆಯಾ ಅಂತ ಮೊದಲು ಕೇಳಬೇಕು. ಗುಳೆ ಹೋಗೋ ಮನೆಯ ಮಕ್ಕಳಿಗೆ ಸಮಗ್ರ ಶಿಕ್ಷಣದಲ್ಲಿ ಋತುಮಾನ ವಸತಿ ವ್ಯವಸ್ಥೆಗೆ ಅವಕಾಶವಿದೆ. ಮಕ್ಕಳ ಗ್ರಾಮಸಭೆಯಲ್ಲಿ ಇದನ್ನ ಬರೆಸಬಹುದು.

ಇನ್ನೊಂದು ಹೆಚ್ಚಿನವರಿಗೆ ಗೊತ್ತಿಲ್ಲದ್ದು: ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವ ಯೋಜನೆ. ತಾಯಿ ವಿಧವೆ ಅಥವಾ ಗಂಡ ಬಿಟ್ಟವರಾಗಿದ್ದರೆ, ತಾಯಿ ತಂದೆಗೆ ಪ್ರಾಣಾಪಾಯದ ಕಾಯಿಲೆ ಇದ್ದರೆ, ಮಗು ಅನಾಥವಾಗಿ ಬಂಧುಗಳ ಮನೆಯಲ್ಲಿದ್ದರೆ, ಆ ಮಗುವಿಗೆ ತಿಂಗಳಿಗೆ 4 ಸಾವಿರ ರೂಪಾಯಿ. ಕುಟುಂಬದ ವಾರ್ಷಿಕ ಆದಾಯ ಹಳ್ಳಿಯಲ್ಲಿ 72 ಸಾವಿರ, ಪಟ್ಟಣದಲ್ಲಿ 96 ಸಾವಿರ ಮೀರಿರಬಾರದು. ಅರ್ಜಿ ಹೋಗೋದು ಬಳ್ಳಾರಿಯ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ. ನಿಮ್ಮೂರಿನ ಅಂಗನವಾಡಿ ಕಾರ್ಯಕರ್ತೆಯನ್ನ ಕೇಳಿ, ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಯಲ್ಲಿ ಈಗಲೇ ಅರ್ಜಿ ಹಾಕಿಸಿ.