ವಾಕರ್ ಹಿಡಿದ ತೋಳುಗಳ ಹೊರೆ

ಸೊಂಟದ ಮೂಳೆ ಮುರಿದೋ, ಮೊಣಕಾಲಿನ ಶಸ್ತ್ರಚಿಕಿತ್ಸೆಯಾಗಿಯೋ ಹಾಸಿಗೆ ಹಿಡಿದ ಹಿರಿಯರು ಮತ್ತೆ ನಡೆಯಲು ಆಶ್ರಯಿಸುವ ಸಾಧನ ವಾಕರ್. ಮನೆಯವರ ಗಮನವೆಲ್ಲ ಆಗ ಅವರ ಕಾಲಿನ ಮೇಲೆ. ತೋಳುಗಳ ದುಡಿಮೆಯನ್ನು ಕಾಣುವವರು ವಿರಳ. ಆದರೆ ಕಾಲಿನಿಂದ ಇಳಿಸಿದ ಭಾರ ಮಾಯವಾಗದು. ಅರವತ್ತು ಕಿಲೋ ತೂಗುವವರು ನೋವಿರುವ ಕಾಲಿನ ಮೇಲೆ ಅರ್ಧ ಭಾರವನ್ನಷ್ಟೇ ಊರಿದರೆ, ಇನ್ನೊಂದು ಕಾಲನ್ನು ಎತ್ತಿದ ಕ್ಷಣ ಉಳಿದ ಮೂವತ್ತು ಕಿಲೋ ಹೊರಬೇಕಾದವು ಎರಡು ತೋಳುಗಳೇ.

ಈ ಹೊರೆಯನ್ನು ಅಳೆಯುವುದು ಹೇಗೆ? ನಡಿಗೆಯ ಅಳತೆ ಹೊಸ ವಿದ್ಯೆಯೇನಲ್ಲ. 1891ರಲ್ಲಿ ಜರ್ಮನಿಯ ಲೈಪ್‌ಜಿಗ್‌ನಲ್ಲಿ ಬ್ರೌನೆ ಮತ್ತು ಫಿಷರ್ ಎಂಬ ವಿಜ್ಞಾನಿಗಳು ನಡೆಯುವವನ ಮೈಗೆ ಬೆಳಕಿನ ಕೊಳವೆಗಳನ್ನು ಕಟ್ಟಿ, ಕತ್ತಲಲ್ಲಿ ಛಾಯಾಚಿತ್ರ ತೆಗೆದು, ಅಂಗಾಂಗಗಳ ಚಲನೆಯನ್ನು ಗಣಿಸಿದರು. ಇಂದಿನ ಪ್ರಯೋಗಾಲಯಗಳಲ್ಲಿ ಭುಜ, ಮೊಣಕೈ, ಮಣಿಕಟ್ಟುಗಳಿಗೆ ಬೆಳಕನ್ನು ಪ್ರತಿಫಲಿಸುವ ಪುಟ್ಟ ಗುಂಡುಗಳನ್ನು ಅಂಟಿಸುತ್ತಾರೆ. ಸುತ್ತಲಿನ ಕ್ಯಾಮರಾಗಳಿಂದ ಪ್ರತಿ ಕೀಲು ಎಷ್ಟು ಬಾಗಿತೆಂಬುದು ತಿಳಿಯುತ್ತದೆ. ವಾಕರ್‌ನ ಚೌಕಟ್ಟಿಗೆ ಸ್ಟ್ರೇನ್ ಗೇಜ್‌ಗಳನ್ನು ಅಳವಡಿಸುತ್ತಾರೆ. ಹಿಡಿಯನ್ನು ಒತ್ತಿದಾಗ ಲೋಹ ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ಗೇಜಿನ ವಿದ್ಯುತ್ ನಿರೋಧ ಬದಲಾಗುತ್ತದೆ. ಆ ಬದಲಾವಣೆಯಿಂದ ಒತ್ತಿದ ಬಲವನ್ನು ಲೆಕ್ಕ ಹಾಕಬಹುದು. ಚಲನೆ ಮತ್ತು ಬಲ, ಈ ಎರಡನ್ನೂ ಕೂಡಿಸಿದಾಗ ಒಂದೊಂದು ಕೀಲಿನ ಮೇಲೆ ಬಿದ್ದ ಹೊರೆ ಸ್ಪಷ್ಟವಾಗುತ್ತದೆ.

ಇದರಿಂದ ಪ್ರಯೋಜನವೇನೆಂದರೆ, ಭುಜದ ಕೀಲಿನ ಗುಳಿ ಆಳವಿಲ್ಲದ್ದು. ಎಲ್ಲ ದಿಕ್ಕಿಗೂ ತಿರುಗಲು ಅದು ಅನುಕೂಲ. ಸೊಂಟದ ಕೀಲಿನಂತೆ ಭಾರ ಹೊರಲು ಅಲ್ಲ. ಹಿಡಿ ಅತಿ ಎತ್ತರವಿದ್ದರೆ ಭುಜಗಳು ಕಿವಿಯತ್ತ ಏರುತ್ತವೆ. ತೀರ ತಗ್ಗಿದ್ದರೆ ಬೆನ್ನು ಬಾಗುತ್ತದೆ.

ಮಹಾನಗರದ ವಸತಿಗಳಲ್ಲಿ ಒಬ್ಬರ ಮನೆಯ ವಾಕರ್ ಅಗತ್ಯ ತೀರಿದ ಮೇಲೆ ಇನ್ನೊಬ್ಬರ ಮನೆಗೆ ಹೋಗುವುದುಂಟು. ಊರಿನಿಂದ ಬಂದ ತಾಯಿಗೆ ನೆರೆಮನೆಯ ಎತ್ತರದ ಯಜಮಾನರ ವಾಕರ್ ಕೊಡುವುದು ಒಳ್ಳೆಯ ಮನಸ್ಸೇ ಸರಿ. ಆದರೆ ಮೊದಲು ಅಳತೆ ಹೊಂದಿಸಬೇಕು. ಪಾದರಕ್ಷೆ ತೊಟ್ಟು, ನೆಟ್ಟಗೆ ನಿಂತು, ಕೈಗಳನ್ನು ಇಳಿಬಿಟ್ಟಾಗ ಹಿಡಿ ಮಣಿಕಟ್ಟಿನ ಗೆರೆಯ ಮಟ್ಟಕ್ಕಿರಬೇಕು. ಹಿಡಿದಾಗ ಮೊಣಕೈ 15ರಿಂದ 30 ಡಿಗ್ರಿ ಬಾಗಿರಬೇಕು. ಕಾಲುಗಳ ಗುಂಡಿಯೊತ್ತಿ ನಾಲ್ಕನ್ನೂ ಒಂದೇ ಎತ್ತರಕ್ಕೆ ತರುವುದು ಕೆಲವೇ ನಿಮಿಷಗಳ ಕೆಲಸ.

ಇಷ್ಟಾದರೂ ಭುಜ ನೋಯುತ್ತಿದ್ದರೆ, ಬೆರಳುಗಳು ಜುಮುಗುಟ್ಟುತ್ತಿದ್ದರೆ, ವಯಸ್ಸಿನ ದೋಷವೆಂದು ಸುಮ್ಮನಿರದೆ ಫಿಸಿಯೋಥೆರಪಿ ತಜ್ಞರಿಗೆ ತೋರಿಸುವುದು ಲೇಸು.