ಕಿಲ್ಲಲೂ: ಹೊಳೆ ಕೊಂಡ ಅರಮನೆ, ಹೊಳೆಯಿಂದ ಉಳಿದ ಮಂದಿರ

ಐರ್ಲೆಂಡು ದೇಶದ ಮಹಾನದಿಯಾದ ಶ್ಯಾನನ್, ಡರ್ಗ್ ಎಂಬ ವಿಶಾಲ ಸರೋವರವನ್ನು ತುಂಬಿ, ಅದರ ದಕ್ಷಿಣದ ತುದಿಯಿಂದ ಮತ್ತೆ ನದಿಯಾಗಿ ಹೊರಡುವ ಎಡೆಯಲ್ಲಿ ಕಿಲ್ಲಲೂ ಎಂಬ ಪುಟ್ಟ ಪಟ್ಟಣವಿರುವುದು. ‘ಲುವಾ ಮುನಿಯ ಮಂದಿರ’ ಎಂಬುದೇ ಆ ಹೆಸರಿನ ಅರ್ಥ. ಗಾತ್ರದಲ್ಲಿ ಕಿರಿದಾದರೂ ಚರಿತ್ರೆಯಲ್ಲಿ ಹಿರಿದಾದ ಈ ಊರಿನ ವೃತ್ತಾಂತವನ್ನು ನಮ್ಮ ವಾಚಕರ ಮುಂದಿಡುತ್ತೇವೆ.

ಸಾವಿರ ವರ್ಷಗಳ ಹಿಂದೆ ಇದು ರಾಜಧಾನಿಯಾಗಿದ್ದಿತು. 1002ರಲ್ಲಿ ಐರ್ಲೆಂಡಿನ ಅರಸರಿಗೆಲ್ಲ ಅಧಿರಾಜನಾದ ಬ್ರಿಯಾನ್ ಬೊರೂ ಎಂಬಾತನ ಕಿಂಕೋರ ಅರಮನೆ ಇಲ್ಲಿಯೇ ಇದ್ದಿತು. 1014ರಲ್ಲಿ ಡಬ್ಲಿನ್ ಸಮೀಪದ ಕ್ಲಾಂಟಾರ್ಫ್ ಎಂಬಲ್ಲಿ ಆತನ ಸೇನೆಯು ವೈಕಿಂಗರನ್ನೂ ಅವರ ಮಿತ್ರರನ್ನೂ ಗೆದ್ದಿತು. ಆದರೆ ವೃದ್ಧನಾದ ದೊರೆಯು ಅಂದೇ ಹತನಾದನು. ಮುಂದೆ ಹನ್ನೆರಡನೆಯ ಶತಮಾನದ ಆದಿಯಲ್ಲಿ ಕನಾಟ್ ಪ್ರಾಂತದ ವೈರಿಗಳು ಅರಮನೆಯನ್ನು ಕೆಡವಿ, ಅದರ ಕಲ್ಲುಮರಗಳನ್ನು ಹೊಳೆಗೆಸೆದರೆಂದು ಹಳೆಯ ವರ್ಷಚರಿತ್ರೆಗಳು ಹೇಳುತ್ತವೆ. ಇಂದು ಅದರ ಗುರುತು ಉಳಿದಿಲ್ಲ.

ಉಳಿದಿರುವುದು ಸಂತ ಫ್ಲ್ಯಾನನನ ಹೆಸರಿನ ಪುರಾತನ ದೇವಾಲಯ. ಅದರೊಳಗಿನ ಒಂದು ಶಿಲುಬೆಯ ಕಂಬದ ತುಂಡು ಬಹು ವಿಚಿತ್ರವಾದುದು. ವೈಕಿಂಗರ ರೂನ್ ಲಿಪಿಯಲ್ಲಿ, ಥೋರ್ಗ್ರಿಮ್ ಎಂಬವನು ಇದನ್ನು ಕೊರೆದನೆಂದಿದೆ. ಐರಿಷರ ಒಘಮ್ ಲಿಪಿಯಲ್ಲಿ ಅವನಿಗೆ ಆಶೀರ್ವಾದವಿದೆ. ದಂಡೆತ್ತಿ ಬಂದವರ ಜನಾಂಗದವನೊಬ್ಬನಿಗೆ ನಾಡಿನ ಭಾಷೆಯೇ ಹರಸುತ್ತಿದೆ! ಯುದ್ಧದ ಕಥೆಗಳು ಹೇಳದ ಸಂಗತಿಯನ್ನು ಈ ಕಲ್ಲು ಹೇಳುತ್ತದೆ.

ಹದಿಮೂರು ಕಮಾನುಗಳ ಹಳೆಯ ಸೇತುವೆಯೊಂದು ಕ್ಲೇರ್ ಜಿಲ್ಲೆಯ ಈ ಊರನ್ನು ಆಚೆದಡದ ಟಿಪ್ಪರೇರಿ ಜಿಲ್ಲೆಯ ಬ್ಯಾಲಿನಾಕ್ಕೆ ಕೂಡಿಸುತ್ತದೆ. ಸ್ವಾತಂತ್ರ್ಯ ಸಂಗ್ರಾಮದ ಕಾಲದಲ್ಲಿ, 1920ರ ನವೆಂಬರಿನಲ್ಲಿ, ಸೆರೆಸಿಕ್ಕ ನಾಲ್ವರನ್ನು ಬ್ರಿಟಿಷ್ ಪಡೆಯವರು ಈ ಸೇತುವೆಯ ಮೇಲೆಯೇ ಗುಂಡಿಟ್ಟು ಕೊಂದರು. ಅವರ ನೆನಪಿನ ಕಲ್ಲು ಅಲ್ಲಿದೆ. 2025ರಲ್ಲಿ ಊರ ದಕ್ಷಿಣಕ್ಕೆ ತೆರೆದ ಹೊಸ ಸೇತುವೆಗೆ ಬ್ರಿಯಾನ್ ಬೊರೂವಿನ ಹೆಸರನ್ನಿಟ್ಟಿದ್ದಾರೆ.

ಸ್ವಾತಂತ್ರ್ಯ ಬಂದ ಮೇಲೆ ಬೇರೊಂದು ಪರೀಕ್ಷೆ ಒದಗಿತು. 1925ರಿಂದ 1929ರವರೆಗೆ ಕೆಳಗಡೆ ಆರ್ಡ್ನಕ್ರಷಾ ಎಂಬಲ್ಲಿ ವಿದ್ಯುಚ್ಛಕ್ತಿಯ ಕಾರಖಾನೆ ನಿರ್ಮಾಣವಾಯಿತು. ಬಡ ದೇಶಕ್ಕೆ ಬೆಳಕು ಬೇಕಾಗಿದ್ದಿತು. ಆದರೆ ಅದಕ್ಕಾಗಿ ನದಿಗೆ ಅಡ್ಡಗಟ್ಟೆ ಕಟ್ಟಿ ನೀರನ್ನು ಏರಿಸಿದಾಗ ಫ್ರಯರರ ದ್ವೀಪವೂ, ಅದರ ಮೇಲಿದ್ದ ಲುವಾ ಮುನಿಯ ಪ್ರಾಚೀನ ಪ್ರಾರ್ಥನಾಮಂದಿರವೂ ಮುಳುಗಬೇಕಾಯಿತು. ಊರಿಗೆ ಹೆಸರು ಕೊಟ್ಟ ಮುನಿಯ ನೆಲೆಯೇ ಮುಳುಗಿದರೆ ಹೆಸರಿಗೆ ಅರ್ಥವೇನು? ಮಂದಿರವನ್ನು ಕಲ್ಲುಕಲ್ಲಾಗಿ ಬಿಚ್ಚಿ ತಂದು, 1930ರ ಸುಮಾರಿಗೆ ಊರ ಗುಡ್ಡದ ಮೇಲೆ, ಕ್ಯಾಥೊಲಿಕ್ ದೇವಾಲಯದ ಆವರಣದಲ್ಲಿ ಮತ್ತೆ ನಿಲ್ಲಿಸಿದರು.

ಕಿಂಕೋರ ಅರಮನೆ ಇದ್ದುದು ಆ ಗುಡ್ಡದಲ್ಲಿಯೇ ಎಂದು ಪ್ರತೀತಿ. ಹಗೆತನವು ಅಲ್ಲಿಂದ ಹೊಳೆಗೆಸೆದ ಕಲ್ಲುಗಳು ಮತ್ತೆ ಬರಲಿಲ್ಲ. ಆದರವು ಹೊಳೆಯಿಂದ ತಂದ ಕಲ್ಲುಗಳು ಅಲ್ಲಿಯೇ ನಿಂತಿವೆ. ಮನೆಗೆ ದೀಪ ಬರಲೆಂದು ಹಿರಿಯರ ನೆಲೆಯನ್ನು ಮರೆಯಬೇಕಾಗಿಲ್ಲವೆಂಬುದಕ್ಕೆ ಈ ಪುಟ್ಟ ಊರೇ ಸಾಕ್ಷಿ.